ಯಾರೂ ಎತ್ತಿಕೊಳ್ಳದ ಉತ್ತರಗಳು

ಯಂತ್ರಕ್ಕೆ ತಾನಾಗಿ ಏನೂ ತಿಳಿಯುವುದಿಲ್ಲ. ಈ ಒಂದು ಮಾತನ್ನು ಕಳೆದ ಮೂರು ವರ್ಷಗಳಲ್ಲಿ ಎಷ್ಟು ಮಂದಿಗೆ, ಎಷ್ಟು ಸಲ, ಎಷ್ಟು ದನಿಯಲ್ಲಿ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಯಿತೇ ಹೊರತು ಒಬ್ಬರ ತಲೆಗೂ ಹೋಗಲಿಲ್ಲ.

ಪೂರ್ತಿ ಅವರ ತಪ್ಪೂ ಅಲ್ಲ ಎನ್ನಿ. ಮೂವತ್ತು ವರ್ಷ ಯಂತ್ರಗಳ ಜೊತೆ ಬಾಯಲ್ಲೇ ಮಾತಾಡಿಕೊಂಡು ಬಂದ ಜನ. ‘ಸ್ವಲ್ಪ ಹಾಗೆ ಮಾಡು, ನಿನಗೆ ಗೊತ್ತಲ್ಲ’ ಎಂದರೆ ಸಾಕು, ಎಲ್ಲೋ ಸಮುದ್ರದಾಚೆ ಕೂತ ದೊಡ್ಡ ದೊಡ್ಡ ಗಣಕಗಳು ಅರ್ಧ ಮಾತನ್ನು ತಾವೇ ಊಹಿಸಿಕೊಂಡು ಕೆಲಸ ಮುಗಿಸಿಬಿಡುತ್ತಿದ್ದವು. ಪ್ರೋಗ್ರಾಮ್ ಬರೆಯುವವರೇ ಉಳಿಯಲಿಲ್ಲ. ಆಮೇಲೆ ಒಂದು ಮಂಗಳವಾರ ಮಧ್ಯಾಹ್ನ ಸೂರ್ಯನ ಬಿರುಗಾಳಿ ಬೀಸಿತು. ಉಪಗ್ರಹಗಳು ಸುಟ್ಟವು, ಸಮುದ್ರದಡಿಯ ಕೇಬಲ್‌ಗಳು ಸತ್ತವು, ಊಹಿಸುವ ಯಂತ್ರಗಳೆಲ್ಲ ಬಾಯಿ ಮುಚ್ಚಿಕೊಂಡವು. ನೆಲದೊಳಗೆ ಹೂತಿದ್ದ ಸಣ್ಣಪುಟ್ಟ ಸಾಮಾನುಗಳು ಮಾತ್ರ ಬದುಕಿಕೊಂಡವು.

ಹಾಗೆ ಬದುಕಿದ್ದರಲ್ಲಿ ನಮ್ಮೂರಿನ ಹೊಸ ನೀರಿನ ಲೈನೂ ಒಂದು. ಗದಗ ಸೀಮೆಯ ಊರು ನಮ್ಮದು, ಎಂಟು ದಿನಕ್ಕೊಮ್ಮೆ ಹೊಳೆ ನೀರು ತೊಟ್ಟಿಗೆ ಬರುತ್ತದೆ. ತೊಟ್ಟಿಯಿಂದ ಓಣಿ ಓಣಿಗೆ ಬಿಡಲು ಎಪ್ಪತ್ತು ವಾಲ್ವುಗಳು, ಎಲ್ಲಕ್ಕೂ ಮೋಟರು. ಅವನ್ನು ಆಳುವುದು ತೊಟ್ಟಿಯ ಬುಡದ ಕಂಟ್ರೋಲ್ ರೂಮಿನಲ್ಲಿರುವ ಒಂದು ಕಬ್ಬಿಣದ ಡಬ್ಬಿ. ಬಾಯಲ್ಲಿ ಹೇಳಿದರೆ ಆಗುತ್ತದಲ್ಲ, ಕೈಯಿಂದ ತಿರುಗಿಸುವ ಚಕ್ರ ಯಾಕೆ ಬೇಕು ಎಂದು ಅದನ್ನು ಕಟ್ಟಿದ ಪುಣ್ಯಾತ್ಮರು ಒಂದು ವಾಲ್ವಿಗೂ ಚಕ್ರ ಇಟ್ಟಿರಲಿಲ್ಲ. ಅವರು ಎಲ್ಲಾದರೂ ಸಿಕ್ಕರೆ ಎರಡು ಮಾತು ಕೇಳಬೇಕೆಂದು ನಾನಿನ್ನೂ ಕಾಯುತ್ತಿದ್ದೇನೆ.

ಎಪ್ಪತ್ತನೆಯ ವಾಲ್ವು ದವಾಖಾನೆಯದು. ಅಲ್ಲಿನ ಡಯಾಲಿಸಿಸ್ ವಿಭಾಗದಲ್ಲಿ ನನ್ನ ಗಂಡ ಪ್ರಭುಲಿಂಗ ವಾರಕ್ಕೆ ಮೂರು ಸಲ ನಾಲ್ಕು ನಾಲ್ಕು ತಾಸು ಮಲಗುತ್ತಾರೆ. ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದವರು, ಎರಡೂ ಕಿಡ್ನಿ ಕೈಕೊಟ್ಟು ಆರು ವರ್ಷವಾಯಿತು. ಒಬ್ಬರ ರಕ್ತ ಒಂದು ಸಲ ತೊಳೆಯಲು ನೂರಾರು ಲೀಟರ್ ಶುದ್ಧ ನೀರು ಬೇಕು. ಮೂರು ವರ್ಷದಿಂದ ಬೋರಿನ ಗಡಸು ನೀರನ್ನೇ ಟ್ಯಾಂಕರಿನಲ್ಲಿ ತಂದು ಸುರಿದು ಶುದ್ಧಿ ಮಾಡುವ ಯಂತ್ರದ ಪೊರೆಗಳು ಹಾಳಾಗಿದ್ದವು. ಹೊಸ ಪೊರೆ ಎಲ್ಲಿಂದಲೂ ಬರುವಂತಿರಲಿಲ್ಲ. ಅಲ್ಲಿನ ಸಿಸ್ಟರ್ ಫಿಲೋಮಿನಾ ಆ ಸೋಮವಾರ ನನ್ನನ್ನು ಪಕ್ಕಕ್ಕೆ ಕರೆದು, “ಬುಧವಾರದ ಡಯಾಲಿಸಿಸ್ ಬಿಡಬೇಕಾತ್ರಿ. ಗುರುವಾರ ಸಂಜಿಯೊಳಗ ಹೊಳಿ ನೀರು ಬರಬೇಕ್ರಿ. ಇನ್ನೊಂದು ಸಲ ಬೋರಿನ ನೀರು ಹಾಕಿದ್ರ ಪೊರೆ ಹೋದಂಗ. ಶುಕ್ರವಾರ ವಿಭಾಗ ಬಂದ್ ಮಾಡ್ತೀನಿ,” ಅಂದರು. ಐದು ಮಂದಿ ಪೇಶೆಂಟುಗಳು. ಶುಕ್ರವಾರ ತಪ್ಪಿದರೆ ಸೋಮವಾರದವರೆಗೆ ನನ್ನ ಗಂಡ ಇರುತ್ತಾರೆಂದು ಹೇಳುವ ಧೈರ್ಯ ಅವರಿಗೂ ಇರಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ.

ಡಬ್ಬಿಯನ್ನು ಮಾತಾಡಿಸುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು, ನಾನು ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಎರಡು ವರ್ಷ, ಬರೆದದ್ದನ್ನು ಯಂತ್ರದ ಅಂಕಿಗೆ ತಿರುಗಿಸುವ ಕಂಪೈಲರಿನ ಪಾಠ ಮಾಡಿದ್ದೆನೆಂಬ ಒಂದೇ ಕಾರಣಕ್ಕೆ. ನೀರು ಸರಬರಾಜಿನ ಎಂಜಿನಿಯರ್ ಹೊಂಬಳ ಸಾಹೇಬರು ಉಗ್ರಾಣದಿಂದ ಡಬ್ಬಿಯ ಕೈಪಿಡಿಯನ್ನು ಹುಡುಕಿಸಿ ತಂದುಕೊಟ್ಟರು. ಡಬ್ಬಿಗೆ ಬರುವುದು ಬರೀ ಅಂಕಿ. ಮೂವತ್ತೆರಡು ಅಂಕಿಗೆ ಮೂವತ್ತೆರಡು ಕೆಲಸ. ಹನ್ನೊಂದು ಎಂದರೆ ವಾಲ್ವು ತೆರೆ, ಹನ್ನೆರಡು ಎಂದರೆ ಮುಚ್ಚು, ಹಾಗೆ.

ಯಾವ ವಾಲ್ವಿನ ನಂತರ ಯಾವುದು, ಯಾವ ಓಣಿಗೆ ಎಷ್ಟು ಹೊತ್ತು, ಎಲ್ಲಿ ಏರು, ಎಲ್ಲಿ ಇಳಿಜಾರು, ಇದೆಲ್ಲ ಗೊತ್ತಿದ್ದದ್ದು ಊರಿನಲ್ಲಿ ಒಬ್ಬರಿಗೇ. ನೀರು ಬಿಡುವ ಮೌಲಾಸಾಬ ನದಾಫರಿಗೆ. ಹಳೆಯ ಲೈನಿನಲ್ಲಿ ಮೂವತ್ತೊಂದು ವರ್ಷ ಚಾವಿ ತಿರುಗಿಸಿದ ಕೈ ಅದು. ಅವರಿಗೆ ಅಂಕಿ ಬರೆಸುವುದು ಆಗದ ಮಾತು, ಅವರು ಹೇಳಿದ್ದನ್ನು ನಾನು ಬರೆದುಕೊಳ್ಳೋಣವೆಂದರೆ ಒಂದು ಸಲ ಹೇಳಿದ್ದನ್ನು ಇನ್ನೊಂದು ಸಲ ಹಾಗೇ ಹೇಳುವವರಲ್ಲ. ಅದಕ್ಕೇ ಅವರೇ ಬರೆಯುವಂಥದ್ದೊಂದು ಪುಟ್ಟ ಭಾಷೆ ಕಟ್ಟಿದೆ. ಆಟಿಕೆಯಂಥ ಭಾಷೆ. ತೆರೆ, ಮುಚ್ಚು, ತಡಿ, ಕೇಳು, ಇಲ್ಲದಿದ್ದರೆ, ಹೀಗೆ ಹದಿನಾಲ್ಕೇ ಮಾತು. ಹೆಸರು ‘ಚಾವಿ’ ಅಂತಿಟ್ಟೆ.

ಅವರು ಬರೆದ ಸಾಲನ್ನು ನನ್ನ ಕಂಪೈಲರ್ ಮಾತು ಮಾತಾಗಿ ಬಿಡಿಸಿ, ಒಂದೊಂದಕ್ಕೂ ಡಬ್ಬಿಯ ಅಂಕಿ ಹಚ್ಚುತ್ತದೆ. ಆ ಅಂಕಿಗಳ ಸಾಲಿಗೇ ಬೈಟ್‌ಕೋಡ್ ಎನ್ನುವುದು. ಡಬ್ಬಿ ಅದನ್ನು ಒಂದೊಂದಾಗಿ ಓದಿಕೊಂಡು ಹೋಗುತ್ತದೆ. ನಡುವೆ ಏನಾದರೂ ನೆನಪಿಡಬೇಕಾದರೆ ಅದರೊಳಗೊಂದು ಬುಟ್ಟಿ ಇದೆ. ರೊಟ್ಟಿ ಬುಟ್ಟಿಯ ಹಾಗೆ ಒಂದರ ಮೇಲೊಂದು ಇಡುವುದು, ಮೇಲಿನದನ್ನೇ ಮೊದಲು ತೆಗೆಯುವುದು. ‘ಕೇಳು ೧೨’ ಎಂದರೆ ಡಬ್ಬಿ ಹನ್ನೆರಡನೆಯ ವಾಲ್ವಿನ ಮಾಪಕ ಓದಿ, ನೀರಿನ ಒತ್ತಡ ಎಷ್ಟೆಂಬ ಉತ್ತರವನ್ನು ಬುಟ್ಟಿಯಲ್ಲಿಡುತ್ತದೆ. ಮುಂದಿನ ಸಾಲಿನ ‘ಇಲ್ಲದಿದ್ದರೆ’ ಆ ಉತ್ತರವನ್ನು ಎತ್ತಿಕೊಳ್ಳುತ್ತದೆ. ಬುಟ್ಟಿ ಹಿಡಿಯುವುದು ಅರವತ್ನಾಲ್ಕು.

“ಅಷ್ಟ್ಯಾಕ ಬರೀಬೇಕ್ರಿ ಅಕ್ಕಾರ? ಎಲ್ಲಾ ಓಣಿಗೂ ಸರಿಯಾಗಿ ಬಿಡು ಅಂತ ಒಂದ ಸಾಲು ಬರದ್ರ ಅದಕ ತಿಳಿಯಂಗಿಲ್ಲೇನ್ರಿ?” ಎಂದು ಮೊದಲ ದಿನವೇ ಕೇಳಿದರು ಮೌಲಾಸಾಬರು.

“ತಿಳಿಯಂಗಿಲ್ರಿ!”

“ಮೊದಲಿನದಕ್ಕ ತಿಳೀತಿತ್ತಲ್ರಿ.”

“ಅದು ಸತ್ತು ಮೂರು ವರ್ಷ ಆತು! ಇದಕ್ಕ ಸರಿ ಅಂದ್ರೇನು, ತಪ್ಪು ಅಂದ್ರೇನು, ಯಾವುದೂ ಗೊತ್ತಿಲ್ಲ. ಬರದಷ್ಟು ಮಾಡ್ತದ, ಬರೀಲಾರದ್ದು ಮಾಡಂಗಿಲ್ಲ.”

“ಹಂಗಂದ್ರ ನಮ್ಮ ಸಾಹೇಬ್ರಗಿಂತ ಅಡ್ಡಿಯಿಲ್ಲ ಬಿಡ್ರಿ,” ಅಂದರು. ಪಕ್ಕದ ಕುರ್ಚಿಯಲ್ಲೇ ಇದ್ದ ಹೊಂಬಳ ಸಾಹೇಬರು ಕೇಳಿಸದವರಂತೆ ಫೈಲು ತಿರುವಿದರು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಮೊದಲ ಪಾಳಿ. ಓಣಿಗೆ ನಾಲ್ಕೇ ನಿಮಿಷ, ಒಟ್ಟು ಐದು ತಾಸಿನೊಳಗೆ ದವಾಖಾನೆ. ನೇರವಾಗಿ ಎಪ್ಪತ್ತನ್ನೇ ತೆರೆಯುವ ಹಾಗಿಲ್ಲ. ಮೂರು ವರ್ಷ ಒಣಗಿದ ಪೈಪು, ತಲೆಯಿಂದ ತುಂಬಿಸುತ್ತಲೇ ಹೋಗಬೇಕು. ಮೊದಲ ಹತ್ತು ವಾಲ್ವುಗಳ ಪ್ರೋಗ್ರಾಮನ್ನು ವಾಲ್ವಿಗೆ ಜೋಡಿಸದೆ ಬರೀ ಮೇಜಿನ ಮೇಲೆ ಓಡಿಸಿ ನೋಡಿದ್ದೆ, ಸರಿಯಾಗಿಯೇ ಇತ್ತು. ಉಳಿದದ್ದೂ ಹಾಗೇ ತಾನೇ ಎಂದು ಬಿಟ್ಟುಬಿಟ್ಟೆ. ಪಾಠ ಮಾಡುವಾಗ ಹುಡುಗರು ಇಂಥ ಮಾತಾಡಿದರೆ ಕ್ಲಾಸಿನಿಂದ ಹೊರಗೆ ಕಳಿಸುತ್ತಿದ್ದೆ.

ಓಣಿ ಓಣಿಯಲ್ಲಿ ಜನ ಕೊಡ ಹಿಡಿದು ನಿಂತಿದ್ದರು. ಗುಡ್ಡದ ಓಣಿ ದಾಟಿತು, ಐವತ್ತು ದಾಟಿತು, ಅರವತ್ತು ದಾಟಿತು. ಅರವತ್ತೈದನೆಯ ವಾಲ್ವು ತೆರೆದುಕೊಂಡಿತು, ಡಬ್ಬಿ ನಿಂತುಹೋಯಿತು. ಕೆಂಪು ದೀಪ, ತಪ್ಪು ನಂಬರ್ ಏಳು. ವಾಲ್ವು ಬಾಯಿ ತೆರೆದುಕೊಂಡೇ ಉಳಿಯಿತು, ಹೊಳೆ ನೀರು ಆ ಓಣಿಯ ಗಟಾರಿನಲ್ಲಿ ದಬದಬ ಹರಿಯಿತು. ಮುಚ್ಚೋಣವೆಂದರೆ ಚಕ್ರ ಎಲ್ಲಿದೆ? ಅರವತ್ತು ವರ್ಷದ ಹತ್ತಿರದ ಮೌಲಾಸಾಬರು ತೊಟ್ಟಿಯ ಮೆಟ್ಟಿಲು ಹತ್ತಿ ಓಡಿ, ಮೇಲಿನ ಹಳೆಯ ಚಕ್ರ ತಿರುಗಿಸಿ ಮೂಲದಲ್ಲೇ ನಿಲ್ಲಿಸುವಷ್ಟರಲ್ಲಿ ತೊಟ್ಟಿ ಅರ್ಧಕ್ಕಿಳಿದಿತ್ತು. ಪೈಪು ಬರಿದಾಗಿ ಮತ್ತೆ ಗಾಳಿ ತುಂಬಿಕೊಂಡಿತು. ಮುಂದಿನ ಹೊಳೆ ನೀರು ಭಾನುವಾರ.

ತಪ್ಪು ನಂಬರ್ ಏಳು ಎಂದರೆ ಬುಟ್ಟಿ ತುಂಬಿದೆ ಎಂದರ್ಥ. ಬುಟ್ಟಿ ತುಂಬಲು ಹೇಗೆ ಸಾಧ್ಯ? ಮೌಲಾಸಾಬರ ಕಾಗದ ತೆಗೆದು ನೋಡಿದೆ. ತೆರೆ ೧. ಕೇಳು ೧. ತಡಿ ೪. ಮುಚ್ಚು ೧. ತೆರೆ ೨. ಕೇಳು ೨. ತಡಿ ೪. ಕೊನೆಯವರೆಗೂ ಇದೇ. ಪ್ರತಿ ವಾಲ್ವಿಗೂ ಕೇಳಿದ್ದಾರೆ, ಒಂದು ಉತ್ತರವನ್ನೂ ಎತ್ತಿಕೊಂಡಿಲ್ಲ! ಅರವತ್ನಾಲ್ಕು ಉತ್ತರಗಳು ಬುಟ್ಟಿಯಲ್ಲಿ ಹಾಗೇ ಕೂತಿವೆ, ಅರವತ್ತೈದನೆಯದಕ್ಕೆ ಜಾಗವಿಲ್ಲ. ನನ್ನ ಪಿತ್ತ ನೆತ್ತಿಗೇರಿತು.

“ಉತ್ತರ ಬ್ಯಾಡಾದ್ರ ಯಾಕ ಕೇಳಿದ್ರಿ?”

“ಕೇಳೂದು ಪದ್ಧತಿರಿ ಅಕ್ಕಾರ. ಯಾವ ಓಣಿಗೆ ಬಿಟ್ರೂ ಮೊದಲಿನ ಮನಿಗೆ ಒಂದು ಕೂಗು ಹಾಕತೀನ್ರಿ, ನೀರು ಬಂತೇನ್ರೀ ಅಂತ. ಮೂವತ್ತೊಂದು ವರ್ಷ ಹಾಕೀನಿ.”

“ಅವರು ಏನಂತಾರ?”

“ಅದನ್ನ ಕೇಳಕೋತ ನಿಂತ್ರ ಆಗತೈತೇನ್ರಿ? ನಾ ಮುಂದಿನ ಓಣಿಗೆ ಹೋಗಿರ್ತೀನ್ರಿ.”

ಅಯ್ಯ ಶಿವನೇ! ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಹೊಂಬಳ ಸಾಹೇಬರು, “ಆ ಕೇಳೂ ಸಾಲು ಎಲ್ಲಾ ತಗದು ಒಗೀರಿ ಮೇಡಮ್, ಐದು ನಿಮಿಷದ ಕೆಲಸ. ನಾಳೆ ಬೆಳಿಗ್ಗೆ ಮತ್ತ ಬಿಡೂಣು,” ಅಂದರು.

ಇನ್ನೊಂದು ದಾರಿಯೂ ಇತ್ತು. ಯಾರೂ ಎತ್ತಿಕೊಳ್ಳದ ಉತ್ತರವನ್ನು ಚೆಲ್ಲುವ ಅಂಕಿ ಡಬ್ಬಿಯಲ್ಲೇ ಇತ್ತು, ಇಪ್ಪತ್ತಮೂರು. ಕೇಳಿದ ಸಾಲು ಮುಗಿದ ಮೇಲೆ ಉತ್ತರ ಹಾಗೇ ಉಳಿದರೆ ಈ ಇಪ್ಪತ್ತಮೂರನ್ನು ಹಾಕುವುದು ಕಂಪೈಲರಿನ ಕರ್ತವ್ಯ. ಭಾಷೆ ಕಟ್ಟುವವರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಅದೊಂದು. ನಾನು ಹಾಕಿರಲಿಲ್ಲ. ಉತ್ತರ ಬೇಡದೆ ಪ್ರಶ್ನೆ ಕೇಳುವವರೂ ಇರುತ್ತಾರೆಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆದರೆ ಆ ಹೊತ್ತಿನಲ್ಲಿ ಸಿಟ್ಟು ಎಷ್ಟಿತ್ತೆಂದರೆ, ನನ್ನ ಕಂಪೈಲರಿಗೆ ಕೈ ಹಚ್ಚುವುದಕ್ಕಿಂತ ಅವರ ಸಾಲುಗಳನ್ನು ಕಿತ್ತುಹಾಕುವುದೇ ನ್ಯಾಯವಾಗಿ ಕಂಡಿತು.

“ಅದನ್ನ ತಗೀಬ್ಯಾಡ್ರಿ ಅಕ್ಕಾರ,” ಮೌಲಾಸಾಬರು ಕೈ ಅಡ್ಡ ಇಟ್ಟರು. “ಕೇಳಲಿಲ್ಲಂದ್ರ ನೀರು ಗುಡ್ಡಾ ಹತ್ತಂಗಿಲ್ರಿ.”

“ನೀರಿಗೇನು ಕಿವಿ ಅದಾವೇನ್ರಿ?”

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಎಪ್ಪತ್ತು ಸಾಲುಗಳನ್ನೂ ನಾನೇ ಅಳಿಸಿದೆ.

ಸಂಜೆ ಮನೆಗೆ ಹೋದರೆ ನನ್ನ ಗಂಡ ಮಂಚದ ಮೇಲೆ ಕೂತು ಬಾವು ಬಂದ ಕಾಲನ್ನು ಬೆರಳಿನಿಂದ ಒತ್ತಿ ಎಷ್ಟು ಆಳ ಇಳಿಯುತ್ತದೆಂದು ನೋಡುತ್ತಿದ್ದರು. ದಿನಕ್ಕೆ ಅವರು ಕುಡಿಯಬಹುದಾದದ್ದು ಎರಡು ಲೋಟ. ಕಿಟಕಿಯಲ್ಲಿ ಮಜ್ಜಿಗೆಯ ಲೋಟ ಕಂಡಿತು.

“ಮೂರನೇದು ಯಾರು ಕುಡದ್ರು? ಬೆಕ್ಕು ಕುಡೀತೇನು? ಊರೆಲ್ಲ ನಿಮ್ಮ ಸಲುವಾಗಿ ಒದ್ದಾಡಾಕತ್ತೀವಿ, ನೀವಿಲ್ಲಿ ಮಜ್ಜಿಗಿ ಹೊಡಕೋತ ಕುಂತೀರಿ! ಶುಕ್ರವಾರದ ತನಕಾ ತಡಿಯಾಕ ಆಗಂಗಿಲ್ಲ ನಿಮಗ?”

“ಅರ್ಧ ಲೋಟ ಅದು.”

“ಅರ್ಧ ಅಂತ ನೀರು ತುಂಬಿದ ನಿಮ್ಮ ಪುಪ್ಪುಸಕ್ಕ ಹೇಳ್ರಿ!”

ಅವರು ನಕ್ಕರು. ಮೂವತ್ತು ವರ್ಷ ಡಿಪೋದಲ್ಲಿ ಡ್ರೈವರುಗಳಿಂದ ಬೈಸಿಕೊಂಡವರು, ನನ್ನ ಬೈಗುಳ ಅವರಿಗೆ ಊಟದ ಜೊತೆಗಿನ ಉಪ್ಪಿನಕಾಯಿ. “ಏನಾತು ಪಾಳಿ?” ಎಂದು ಕೇಳಿದರು. “ಮೌಲಾಸಾಬರು ಏನೇನರ ಬರದಿಟ್ಟಾರ, ಅದಕ್ಕ ನಿಂತತು. ನಾಳೆ ಆಗತದ,” ಅಂದೆ. ನನಗೆ ಆಗ ಅದು ಸುಳ್ಳೆಂದು ಅನಿಸಲೂ ಇಲ್ಲ.

ಗುರುವಾರ ಬೆಳಿಗ್ಗೆ ಆರಕ್ಕೇ ಶುರು ಮಾಡಿದೆವು. ಡಬ್ಬಿ ಒಂದು ಸಲವೂ ಮುಗ್ಗರಿಸಲಿಲ್ಲ. ಅರವತ್ತೈದು ಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು, ಅದೂ ತೆರೆದು ಮುಚ್ಚಿತು. ಎಪ್ಪತ್ತು ತೆರೆಯಿತು. ಹಸಿರು ದೀಪ, ‘ಮುಗಿಯಿತು, ತಪ್ಪಿಲ್ಲ’. ಹೊಂಬಳ ಸಾಹೇಬರು ಚಪ್ಪಾಳೆ ತಟ್ಟಿ, ಜಿಲ್ಲೆಗೆ ವರದಿ ಬರೆಯಲು ಪೆನ್ನು ತೆಗೆದರು. ನಾನೂ ನಕ್ಕೆ.

ಫೋನು ಹೊಡೆದುಕೊಂಡಿತು. ಸಿಸ್ಟರ್ ಫಿಲೋಮಿನಾ. “ಯಾವಾಗ ಬಿಡ್ತೀರ್ರಿ ನೀರು?”

“ಬಿಟ್ಟೇವಲ್ರಿ! ಈಗ ನಿಮ್ಮ ವಾಲ್ವು ತೆರದೈತಿ.”

“ತೆರದಿರಬಹುದ್ರಿ. ಒಂದು ಹನಿ ಬಂದಿಲ್ಲ.”

ಆಮೇಲೆ ತಿಳಿಯಿತು, ನೀರು ಗುಡ್ಡದ ಓಣಿಯನ್ನೇ ಹತ್ತಿರಲಿಲ್ಲ. ನಲವತ್ತೊಂದನೆಯದರಿಂದ ಮುಂದಿನ ಮೂವತ್ತು ವಾಲ್ವುಗಳನ್ನು ಡಬ್ಬಿ ಬರೀ ಗಾಳಿಗೆ ತೆರೆದು ಗಾಳಿಗೆ ಮುಚ್ಚಿತ್ತು. ತಪ್ಪಿಲ್ಲವಂತೆ! ಅದಕ್ಕೇನು ಗೊತ್ತು, ಹೇಳಿದ್ದನ್ನು ಮಾಡಿತ್ತು.

ಮೌಲಾಸಾಬರು ನೀರಿನ ಕಿವಿಯ ಮಾತನ್ನು ನನಗೇ ತಿರುಗಿ ಹೇಳಬಹುದಿತ್ತು. ಹೇಳಲಿಲ್ಲ. ಬೀಡಿ ಕಿವಿಗೆ ಸಿಕ್ಕಿಸಿಕೊಂಡು ನಿಧಾನಕ್ಕೆ, “ನಾ ಬಂತೇನ್ರೀ ಅಂತ ಕೂಗಿದ ಕೂಡ್ಲೆ ಮನಿ ಹೆಣಮಗಳು ನೋಡಾಕಂತ ನಳ ತಿರುವತಾಳ್ರಿ. ಮೊದಲ ಪುಸ್ ಅಂತ ಗಾಳಿ ಹೋಗತೈತಿ, ಆಮ್ಯಾಲೆ ನೀರು. ಪೈಪಿನಾಗಿನ ಗಾಳಿ ಹೊರಗ ಹೋಗಲಿಲ್ಲಂದ್ರ ನೀರು ಏರಂಗಿಲ್ರಿ. ಅದಕ್ಕ ಕೇಳಬೇಕ್ರಿ. ಅವರು ಏನಂದ್ರೇನು ಬಿಡ್ರಿ,” ಅಂದರು.

ಕೈಪಿಡಿ ತೆಗೆದೆ. ‘ಕೇಳು’ ಎಂಬುದರ ಅಂಕಿ ಹದಿನೇಳು. ಅದರೆದುರು ಬರೆದಿತ್ತು: ಮಾಪಕ ಸರಿಯಾಗಿ ಓದಲು ಡಬ್ಬಿ ಬೆರಳು ಗಾತ್ರದ ಪಕ್ಕದ ನಳವೊಂದನ್ನು ಹತ್ತು ಸೆಕೆಂಡು ಹೊರಕ್ಕೆ ತೆರೆಯುತ್ತದೆ. ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಬೇರೆ ಇತ್ತು. ನಾನೇ ಎಳೆದದ್ದು. ಓದಿದ್ದೆ, ಗೆರೆ ಎಳೆದಿದ್ದೆ, ಬಿಟ್ಟಿದ್ದೆ. ನನ್ನ ಕಪಾಳಕ್ಕೆ ನಾನೇ ಎರಡು ಬಿಗಿದುಕೊಳ್ಳಬೇಕೆನಿಸಿತು.

ತೊಟ್ಟಿಯಲ್ಲಿ ಕಾಲು ಭಾಗ ಉಳಿದಿತ್ತು. ಮೌಲಾಸಾಬರ ಎಪ್ಪತ್ತು ಸಾಲುಗಳನ್ನೂ ಇದ್ದಲ್ಲಿಯೇ ಮತ್ತೆ ಬರೆದೆ. ಆಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಕಂಪೈಲರಿನಲ್ಲಿ ಒಂದು ಸಾಲು, ಉತ್ತರವನ್ನು ಯಾರೂ ಎತ್ತಿಕೊಳ್ಳದಿದ್ದರೆ ಇಪ್ಪತ್ತಮೂರು ಹಾಕು. ಬರೆಯಲು ಎರಡು ನಿಮಿಷ ಹಿಡಿಯಿತು. ಈ ಸಲ ಎಪ್ಪತ್ತೂ ವಾಲ್ವುಗಳನ್ನು ಮೇಜಿನ ಮೇಲೆ ಓಡಿಸಿ ನೋಡಿದೆ. ಓಣಿಗೆ ಮೂರೇ ನಿಮಿಷವೆಂದು ಮೌಲಾಸಾಬರೇ ಕತ್ತರಿಸಿದರು. ಹೊಂಬಳ ಸಾಹೇಬರ ವರದಿಯಲ್ಲಿ ಆಗಲೇ, ‘ವಾಲ್ವ್‌ಮನ್ ಅನಗತ್ಯ ಸಾಲುಗಳನ್ನು ಸೇರಿಸಿದ್ದರಿಂದ ವಿಳಂಬ’ ಎಂದು ಬಿದ್ದಿತ್ತು. ನಾನು ಅದನ್ನು ಓದಿದೆ. ಆಮೇಲೆ ನೋಡೋಣ, ಮೊದಲು ನೀರು ಎಂದುಕೊಂಡೆ.

ಒಂದಕ್ಕೆ ಬಿಟ್ಟೆವು. ಗುಡ್ಡದ ಓಣಿಯಲ್ಲಿ ಪಕ್ಕದ ನಳಗಳು ಒಂದರ ಹಿಂದೊಂದು ಪುಸ್ ಎನ್ನುತ್ತ ಹೋದವಂತೆ, ಓಣಿಯವರೇ ಓಡಿಬಂದು ಹೇಳಿದರು. ಬುಟ್ಟಿಯಲ್ಲಿ ಒಂದು ಉತ್ತರ ಬೀಳುತ್ತಿತ್ತು, ಮರುಕ್ಷಣ ಖಾಲಿಯಾಗುತ್ತಿತ್ತು. ಸಂಜೆ ನಾಲ್ಕೂವರೆಗೆ ಫಿಲೋಮಿನಾ ಫೋನು ಮಾಡಿದರು. ದವಾಖಾನೆಯ ತೊಟ್ಟಿಗೆ ಹೊಳೆ ನೀರು ಬೀಳುತ್ತಿತ್ತು.

ಕಂಟ್ರೋಲ್ ರೂಮಿನಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ಫೋನು ಕೆಳಗಿಡಲಿಲ್ಲ. “ಎಷ್ಟು ಬಂತ್ರಿ?” ಎಂದು ಕೇಳಿದೆ. ಆ ಉತ್ತರ ನನಗೆ ಬೇಕಿತ್ತು.

“ನಿಂತತ್ರಿ ಈಗ. ಐದೂ ಮಂದಿಗೆ ಪೂರ್ತಿ ಆಗಂಗಿಲ್ಲ. ಹಂಚಿದ್ರ ಒಬ್ಬೊಬ್ಬರಿಗೆ ಎರಡೂವರಿ ತಾಸು ಬರ್ತದ. ಭಾನುವಾರ ನೀರು ಬಂದ ಮ್ಯಾಲೆ ಸರಿ ಮಾಡೂಣು. ಅಲ್ಲೀತನಕ ದೇವರು ಇದಾನ್ರಿ,” ಅಂದರು ಸಿಸ್ಟರ್.

ಬುಧವಾರವೇ ಕಂಪೈಲರಿಗೆ ಕೈ ಹಚ್ಚಿದ್ದರೆ ಅರ್ಧ ತೊಟ್ಟಿ ಇರುತ್ತಿತ್ತು. ಐದೂ ಮಂದಿಗೆ ನಾಲ್ಕು ನಾಲ್ಕು ತಾಸು ಸಿಗುತ್ತಿತ್ತು. ಗುರುವಾರ ಬೆಳಿಗ್ಗೆ ಗುಡ್ಡದ ಕೆಳಗೆ ಸುಮ್ಮನೆ ಹೋದ ನೀರು ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಹೋದೆ. ನೀರು ಬಂತು ಎಂದಷ್ಟೇ ಹೇಳಿ, ಅನ್ನ ಬಡಿಸಿದೆ. ಮಲಗಿದೆ.

ಶುಕ್ರವಾರ ಒಂಬತ್ತಕ್ಕೆ ನನ್ನ ಗಂಡನ ತೋಳಿಗೆ ಸೂಜಿ ಹಾಕಿದರು. ಮುಖ ಊದಿತ್ತು, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು ರಕ್ತ ನಳಿಗೆಯಲ್ಲಿ ಹೋಗುವುದನ್ನೂ ಬರುವುದನ್ನೂ ನೋಡುತ್ತಿದ್ದೆ. ಹನ್ನೊಂದರ ಹೊತ್ತಿಗೆ ಮೌಲಾಸಾಬರು ಬಂದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಮಂಚದ ಹತ್ತಿರ ಕೈಕಟ್ಟಿ ನಿಂತರು.

“ಪೂರ್ತಿ ನಾಲ್ಕು ತಾಸು ಆಗಂಗಿಲ್ಲಂತಲ್ರಿ ಕಂಟ್ರೋಲರ್ ಸಾಹೇಬ್ರ. ನಂದ ತಪ್ಪಾತ್ರಿ. ಓದು ಬರಹ ಕಡಿಮಿ, ಏನರ ಬರದುಬಿಟ್ಟೀನ್ರಿ. ಮಾಫ್ ಮಾಡ್ರಿ.”

ನನ್ನ ಗಂಡ ಅವರ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಆ ಮನುಷ್ಯ ವ್ಯಂಗ್ಯವಾಡುತ್ತಿರಲಿಲ್ಲ. ವರದಿಯಲ್ಲಿ ಬರೆದದ್ದನ್ನು ಯಾರೋ ಓದಿ ಹೇಳಿದ್ದರು, ಓದಿದವರು ಬರೆದದ್ದೆಂದರೆ ನಿಜವೇ ಇರಬೇಕೆಂದು ಅವರು ನಂಬಿಬಿಟ್ಟಿದ್ದರು. ನನಗೆ ತಡೆಯಲಾಗಲಿಲ್ಲ.

“ಸುಮ್ಮನಿರ್ರಿ ಮೌಲಾಸಾಬ್ರ! ಏನು ತಪ್ಪು ಮಾಡೀರಿ ನೀವು? ನೀವು ಬರದದ್ದು ಒಂದಕ್ಷರ ತಪ್ಪಿರಲಿಲ್ಲ. ಭಾಷಾ ಕಟ್ಟಾಕ ಬರಲಿಲ್ಲ ನನಗ. ತೋರಿಸಿದ್ರೂ ಕಾಣಲಿಲ್ಲ, ಬ್ಯಾಡ ಅಂದ್ರೂ ಕೇಳಲಿಲ್ಲ. ಆ ವರದಿ ಹರದು ನಾನೇ ಬ್ಯಾರೆ ಬರದುಕೊಡ್ತೀನಿ ಇವತ್ತು.” ಗಂಡನ ಕಡೆ ತಿರುಗಿದೆ. ದನಿ ಏರಿತು, ಪಕ್ಕದ ಮಂಚದವರು ಎದ್ದು ನೋಡಿದರು. “ತಪ್ಪು ನಂದುರಿ. ನಿಮ್ಮ ಪಾಲಿನ ನೀರು ನಾನೇ ಚೆಲ್ಲೀನಿ.”

“ಗೊತ್ತೈತಿ,” ಅಂದರು ಅವರು.

“ಯಾರು ಹೇಳಿದ್ರು?”

“ಯಾರ್ ಹೇಳಬೇಕು?” ಉಸಿರು ಎಳೆದುಕೊಂಡರು. “ನಿನ್ನೆ ಸಂಜಿಯಿಂದ ನನಗ ಒಂದು ಸಲನೂ ಬೈದಿಲ್ಲ ನೀ.”

ಮೌಲಾಸಾಬರು ನೆಲ ನೋಡಿದರು. ಗಂಡ ಸೂಜಿಯಿಲ್ಲದ ಕೈಯನ್ನು ನನ್ನ ಮೊಣಕಾಲ ಮೇಲೆ ಇಟ್ಟರು. ಊದಿದ ಕೈ, ಭಾರವಾಗಿತ್ತು.

ಹನ್ನೊಂದೂವರೆಗೆ ಯಂತ್ರ ಕೂಗಿಕೊಂಡಿತು. ಬಾಗಿಲಲ್ಲಿ ಮುಂದಿನ ಪೇಶೆಂಟು ಆಗಲೇ ಟವೆಲ್ ಹಿಡಿದು ನಿಂತಿದ್ದ. ಫಿಲೋಮಿನಾ ಹತ್ತಿಯನ್ನೂ ಪಟ್ಟಿಯನ್ನೂ ತಂದು ಸೂಜಿ ತೆಗೆಯತೊಡಗಿದರು. ನನ್ನ ಗಂಡನಿಗೆ ಇನ್ನೂ ಒಂದೂವರೆ ತಾಸು ಬೇಕಿತ್ತು.